ಹೆಸರಿನ ಮುಯ್ಯಿ

ಹತ್ತನೆಯ ತರಗತಿಯಲ್ಲಿ ಸಂಗೀತಳಿಗೆ ಐನೂರಕ್ಕೆ ನಾನೂರ ಎಪ್ಪತ್ತೊಂದು ಅಂಕ ಬಂದಿತ್ತು. ಶಾಲೆಗೇ ಮೊದಲು. ಈಗ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಮತ್ತೆ ಅದೇ ನಾನೂರ ಎಪ್ಪತ್ತೊಂದು ಬಂದಿತ್ತು. ಈ ಸಲ ಒಂಬೈನೂರಕ್ಕೆ. ಅದರಲ್ಲೂ ಮುನ್ನೂರು ಪುಕ್ಕಟೆ. ಅದಕ್ಕಿಂತ ಕೆಳಗೆ ಯಾರಿಗೂ ಕೊಡುವ ಪದ್ಧತಿಯೇ ಇಲ್ಲವಂತೆ. ಅಂದರೆ ಎಂ.ಕಾಂ. ಓದಿದ ಇವಳು ಸ್ವಂತ ಬುದ್ಧಿಯಿಂದ ಸಂಪಾದಿಸಿದ್ದು ನೂರ ಎಪ್ಪತ್ತೊಂದು.

“ಸಾಲದ ಸ್ಕೋರ್ ರೊಂಬ ಕಮ್ಮಿ ಇದೆ ಅಮ್ಮಾ,” ಎಂದ ಮುರುಗೇಶ.

ಮುರುಗೇಶ ತಮಿಳುನಾಡಿಗೆ ಸೇರಿದ ತಾಳವಾಡಿಯ ಬಸ್ ಸ್ಟ್ಯಾಂಡಿನ ಎದುರು, ಗೊಬ್ಬರದಂಗಡಿಯ ಮಹಡಿಯಲ್ಲಿ ಕೂರುತ್ತಿದ್ದ. ಬ್ಯಾಂಕಿಲ್ಲದ ಹಳ್ಳಿಗಳಲ್ಲಿ ಬ್ಯಾಂಕಿನ ಪರವಾಗಿ ಸಣ್ಣ ಕೌಂಟರ್ ಇಡಿಸುವ ಏಜೆನ್ಸಿಯ ಮೇಲ್ವಿಚಾರಕ. ಕೌಂಟರ್ ಎಂದರೆ ಒಂದು ಮೇಜು, ಒಂದು ಕುರ್ಚಿ, ಒಂದು ಲ್ಯಾಪ್‌ಟಾಪ್, ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಒಂದು ಪುಟ್ಟ ಯಂತ್ರ. ಪಿಂಚಣಿ, ನೂರು ದಿನದ ಕೆಲಸದ ಕೂಲಿ, ಎಲ್ಲ ಅಲ್ಲೇ ಕೈಗೆ ಸಿಗುತ್ತದೆ. ಸಂಗೀತಳ ಊರಿಗೆ ಅಂಥದೊಂದು ಮಂಜೂರಾಗಿತ್ತು. ಪರೀಕ್ಷೆ ಬರೆದು ಪಾಸಾಗಿದ್ದಳು. ಒಳ್ಳೆಯವಳೆಂದು ಪೊಲೀಸ್ ಠಾಣೆಯಿಂದ ಬರೆಸಿ ತಂದಿದ್ದಳು. ತಿಂಗಳಿಗೆ ಇಷ್ಟೆಂದು ಸಂಬಳ, ಮೇಲೆ ಕಮಿಷನ್. ಎಲ್ಲಕ್ಕಿಂತ ಮೇಲಾಗಿ ಕುರ್ಚಿ. ಎಲೆಕೋಸಿನ ಹೊಲದಲ್ಲಿ ಬಗ್ಗಿ ಬಗ್ಗಿ ಅವಳ ಸೊಂಟಕ್ಕೆ ಕುರ್ಚಿಯೆಂದರೆ ಎಂಥದೋ ಭಕ್ತಿ ಹುಟ್ಟಿಬಿಟ್ಟಿತ್ತು.

“ಯಾವ ಸಾಲ ಸಾರ್? ನಾನು ಸಾಲನೇ ಮಾಡಿಲ್ವಲ್ಲ.”

ಮುರುಗೇಶ ಪರದೆಯನ್ನು ಅವಳ ಕಡೆ ತಿರುಗಿಸಿದ. “ಕುಳು ಲೋನು, ಗುಂಪು ಸಾಲ. ಮೂವತ್ತು ಸಾವಿರ. ಐದು ತಿಂಗಳು ಕಟ್ಟಿದ್ದೀರಿ, ಆಮೇಲೆ ನಿಲ್ಲಿಸಿದ್ದೀರಿ. ಇಲ್ಲಿ ಪಾರುಂಗ, ‘ರಿಟನ್ ಆಫ್’ ಅಂತ ಇದೆ. ಇದು ಇರೋ ತನಕ ಬ್ಯಾಂಕು ನಿಮ್ಮ ಕೈಗೆ ಕ್ಯಾಶ್ ಕೊಡಲ್ಲ.”

“ವಸೂಲಿಗೆ ಬರೋದು ನಿಲ್ಲಿಸಿ ಎಷ್ಟೋ ಕಾಲ ಆಯ್ತಲ್ಲ ಸಾರ್.”

“ಬರೋದು ನಿಲ್ಲಿಸಿದರು ಅಮ್ಮಾ. ಸಾಲ ನಿಲ್ಲಿಸಿಲ್ಲ. ಪೂರ್ತಿ ಕಟ್ಟಿದರೂ ಸ್ಕೋರ್ ಏರೋಕೆ ಟೈಮ್ ಹಿಡಿಯುತ್ತೆ. ಅರ್ಧಕ್ಕೆ ಒಪ್ಪಿಸಿಕೊಂಡರೆ ‘ಸೆಟಲ್’ ಅಂತ ಬೀಳುತ್ತೆ, ಅದೂ ಕಪ್ಪು ಚುಕ್ಕೆಯೇ. ಏನೂ ಮಾಡದೆ ಬಿಟ್ಟರೆ ಏಳು ವರ್ಷ ಹಿಂಗೇ ಕೂತಿರುತ್ತೆ.”

“ನಮ್ಮತ್ತೆ ಹೆಸರಿಗೆ ಕೊಡ್ತೀರಾ ಸಾರ್? ಅವರು ಒಂದು ಪೈಸೆ ಸಾಲ ಮಾಡಿಲ್ಲ.” ತಮಾಷೆಗೆ ಕೇಳಿದ್ದಳು.

ಅವನು ತಮಾಷೆಯೆಂದು ತಿಳಿಯಲಿಲ್ಲ. “ಸಾಲ ಮಾಡದವರಿಗೆ ಸ್ಕೋರೇ ಬರಲ್ಲ. ಹಿಸ್ಟರಿ ಇಲ್ಲ ಅಂತ ಬರುತ್ತೆ.”

ಅತ್ತೆ ಚಿಕ್ಕತಾಯಮ್ಮ ಬುದ್ಧಿ ಬಂದಾಗಿನಿಂದ ಮಂದಿಯ ಹೊಲದಲ್ಲಿ ಕಳೆ ಕಿತ್ತವಳು. ಅವಳಿಗೆ ಚರಿತ್ರೆಯಿಲ್ಲ. ಸಂಗೀತಳಿಗೆ ಇದೆ, ಕೆಟ್ಟದ್ದು. ಓದಿದ್ದಕ್ಕೆ ಅಷ್ಟಾದರೂ ಲಾಭವಾಯಿತಲ್ಲ ಎಂದುಕೊಂಡಳು.

“ನಾನೇನು ಮಾಡ್ಲಿ,” ಎಂದು ಮುರುಗೇಶ ನಿಜವಾಗಿಯೇ ಬೇಜಾರಿನಿಂದ ಹೇಳಿದ. “ತಿಂಗಳೊಳಗೆ ಕೌಂಟರ್ ಓಪನ್ ಆಗಲೇಬೇಕು. ಎರಡನೇ ಹೆಸರು ಇರೋದು ಚಂದ್ರು. ನಿಮ್ಮೂರ ದೊಡ್ಡಯ್ಯನವರ ಮಗ. ಅವರದು ಏಳುನೂರ ಎಂಬತ್ತು.”

ಸಂಗೀತ ನಕ್ಕಳು. ಗಂಡ ಸತ್ತ ಮೇಲೆ ಅವಳು ಅಷ್ಟು ಜೋರಾಗಿ ನಕ್ಕಿರಲಿಲ್ಲ. ಮುರುಗೇಶ ಗಾಬರಿಯಾಗಿ ನೀರಿನ ಬಾಟಲಿ ಮುಂದಿಟ್ಟ. ಯಾಕೆ ನಕ್ಕೆನೆಂದು ಅವನಿಗೆ ಹೇಳಿ ಫಲವಿರಲಿಲ್ಲ. ಪರದೆಯ ಮೇಲೆ ಅವಳ ಹೆಸರಿನಲ್ಲಿದ್ದ ಆ ಮೂವತ್ತು ಸಾವಿರವನ್ನು ತಿಂದದ್ದು ಆ ಚಂದ್ರುವಿನ ಮನೆಯೇ.

*

ಕೇರಿಯಲ್ಲಿ ಮುಯ್ಯಿ ಎಂಬುದೊಂದಿದೆ. ಇವತ್ತು ನಿನ್ನ ಕೆಲಸಕ್ಕೆ ನಾನು, ನಾಳೆ ನನ್ನ ಕೆಲಸಕ್ಕೆ ನೀನು. ಹೊಲ ಇರುವವರು ಹೊಲದ ಕೆಲಸದಲ್ಲಿ ಮುಯ್ಯಿ ಮಾಡುತ್ತಾರೆ. ಹೊಲವಿಲ್ಲದ ಕೇರಿಯವರು ಸೂರು ಹೊದಿಸುವುದಕ್ಕೆ, ಗೋಡೆ ಮೆತ್ತುವುದಕ್ಕೆ, ಮದುವೆಯ ಅಡುಗೆಗೆ, ಬಾಣಂತಿಯ ಬಟ್ಟೆಗೆ, ಹೆಣ ಹೊರುವುದಕ್ಕೆ ಮಾಡುತ್ತಾರೆ. ಯಾರೂ ಬರೆದಿಡುವುದಿಲ್ಲ. ಕೊಟ್ಟ ಕೈ ಒಂದು ದಿನ ಹಿಂದಕ್ಕೆ ಬರುತ್ತದೆ.

ಸಾಲ ಕೊಡುವ ಕಂಪನಿಗಳು ಹಳ್ಳಿಗೆ ಬಂದು ಹೆಂಗಸರ ಗುಂಪು ಕಟ್ಟಿದಾಗ, ತಮಿಳಿನಲ್ಲಿ ಅದನ್ನು ಕುಳು ಎಂದರು, ಕೇರಿಯೂ ಕುಳು ಎಂದಿತು. ಕೇರಿಯ ಹೆಂಗಸರು ಅದಕ್ಕೂ ಮುಯ್ಯಿಯನ್ನೇ ಹಚ್ಚಿದರು. ಕಂಪನಿಗೆ ಹತ್ತು ಜನ ಬೇಕು. ಹಣ ಬೇಕಾದವಳು ಒಬ್ಬಳು. ಸರಿ, ಉಳಿದವರು ಹೆಸರು ಕೊಟ್ಟು ಪಕ್ಕದಲ್ಲಿ ನಿಲ್ಲುವುದು, ತಮ್ಮ ಪಾಲಿಗೆ ಬಂದ ನೋಟನ್ನು ಅವಳ ಮಡಿಲಿಗೆ ಹಾಕುವುದು, ಕಂತನ್ನೆಲ್ಲ ಅವಳು ಕಟ್ಟುವುದು. ತೀರಿದ ಮೇಲೆ ಇನ್ನೊಬ್ಬಳ ಸರದಿ. ರಾಚಮ್ಮನ ದೊಡ್ಡ ಮಗನ ಮದುವೆ ಹಾಗೆಯೇ ಆಗಿತ್ತು. ಕಂತು ಒಂದೂ ತಪ್ಪಿರಲಿಲ್ಲ. ಕಳೆಗೆ ಹೋದ ಕೈ ಸಂಜೆಗೆ ಮನೆಗೆ ಬರುವ ಹಾಗೆ, ಕೊಟ್ಟ ಹೆಸರು ಮನೆಗೆ ಬರುತ್ತಿತ್ತು.

ಇದನ್ನು ಕಂಡು ದೊಡ್ಡಯ್ಯನ ಹೆಂಡತಿ ಪುಟ್ಟನಂಜಮ್ಮ ಕೇರಿಗೆ ಬಂದಳು. ಕೊರೊನಾ ಬರುವುದಕ್ಕೆ ಮೊದಲಿನ ಮಾತು. ಟ್ರ್ಯಾಕ್ಟರಿಗೆ ಮುಂಗಡ ಕಟ್ಟಬೇಕಿತ್ತು. ಬೀದಿ ಕೊಳಾಯಿಯ ಹತ್ತಿರ ನಿಂತಳು, ಒಳಗೆ ಬರಲಿಲ್ಲ, ಕೊಟ್ಟ ನೀರು ಕುಡಿಯಲಿಲ್ಲ. ಆದರೆ ಮಾತು ಬೆಣ್ಣೆಯಂತಿತ್ತು.

“ಮುಯ್ಯಿ ಅಂದ್ಕಳ್ರವ್ವ. ನಾಳಕ್ಕ ನಿಮ್ಗೂ ಒಂದು ಕಷ್ಟ ಬತ್ತದ, ಆಗ ನಾವು ನಿಲ್ಲಲ್ವ?”

ಮೇಲ್ಬೀದಿಗೂ ಕೇರಿಗೂ ಅಲ್ಲಿಯವರೆಗೆ ಮುಯ್ಯಿ ನಡೆದದ್ದಿಲ್ಲ. ಕೇರಿಯ ಕೈ ಮೇಲಕ್ಕೆ ಹೋಗುತ್ತಿತ್ತು, ಕೂಲಿಗೆ. ಮೇಲಿನ ಕೈ ಕೆಳಕ್ಕೆ ಬಂದದ್ದನ್ನು ಕಂಡವರಿರಲಿಲ್ಲ. ಅಂಥದ್ದರಲ್ಲಿ ಮೇಲ್ಬೀದಿಯ ಹೆಂಗಸು ತಾನಾಗಿ ಬಂದು ಆ ಮಾತನ್ನು ಆಡಿದ್ದು ಕೇರಿಗೆ ಹೆಮ್ಮೆಯಾಯಿತು. ಹೌದು, ಹೆಮ್ಮೆ. ಸಂಗೀತಳಿಗೆ ಎಲ್ಲರಿಗಿಂತ ಒಂದು ತೂಕ ಹೆಚ್ಚು. ಹೊಸ ಸೊಸೆ. ಚಾಮರಾಜನಗರಕ್ಕೆ ಬಸ್ಸಿನಲ್ಲಿ ಹೋಗಿಬಂದು ಎಂ.ಕಾಂ. ಓದುತ್ತಿದ್ದವಳು. ಸಮಾನತೆಯ ಬಗ್ಗೆ ಕಾಲೇಜಿನಲ್ಲಿ ಭಾಷಣ ಸ್ಪರ್ಧೆಗೆ ಹೋಗಿ ಸ್ಟೀಲ್ ತಟ್ಟೆ ಗೆದ್ದಿದ್ದಳು. ಅದು ಬೀದಿ ಕೊಳಾಯಿಯವರೆಗೆ ನಡೆದುಕೊಂಡು ಬಂದಿದೆಯೆಂದು ನಂಬಿದಳು.

ಪುಟ್ಟನಂಜಮ್ಮ ತನ್ನ ಹೆಸರನ್ನು ಮಾತ್ರ ಗುಂಪಿಗೆ ಸೇರಿಸಲಿಲ್ಲ. “ನಮ್ಮೋರ್ಗ ಗೊತ್ತಾದ್ರ ಬೈತಾರ ಕಣ್ರವ್ವ,” ಎಂದಳು. ಹತ್ತೂ ಹೆಸರು ಕೇರಿಯವೇ. ಅರ್ಜಿ ತಮಿಳಿನಲ್ಲಿತ್ತು, ಇಂಗ್ಲಿಷಿನಲ್ಲಿತ್ತು. ಓದಿ ಹೇಳಿದವಳು ಸಂಗೀತ. ಎಲ್ಲಿ ಒತ್ತಬೇಕು, ಎಲ್ಲಿ ಗೀಚಬೇಕು ಎಂದು ಬೆರಳಿಟ್ಟು ತೋರಿಸಿದಳು. ಬೇರೆಯವರು ಹೆಬ್ಬೆಟ್ಟು ಒತ್ತಿದರೆ ತಾನು ಇಂಗ್ಲಿಷಿನಲ್ಲಿ, ಕೊನೆಯಲ್ಲಿ ಬಾಲ ಎಳೆದು, ಸಹಿ ಹಾಕಿದಳು. ಕಂಪನಿಯ ಬಾಗಿಲಲ್ಲೇ ಹತ್ತು ಕಟ್ಟು ಒಂದು ಚೀಲಕ್ಕೆ ಬಿದ್ದವು. ಪುಟ್ಟನಂಜಮ್ಮ ಎಲ್ಲರಿಗೂ ಟೀ ಕುಡಿಸಿದಳು. ಬನ್ನು ಕೊಡಿಸಿದಳು. ಸಂಗೀತ ಆ ಸಾಲದಲ್ಲಿ ತಿಂದದ್ದು ಆ ಬನ್ನು.

ಟ್ರ್ಯಾಕ್ಟರ್ ಬಂತು. ಚಕ್ರಕ್ಕೆ ನಿಂಬೆಹಣ್ಣು ಇಟ್ಟರು. ಕೊರೊನಾ ಬಂತು. ಕಂತು ನಿಂತಿತು. ಕಂಪನಿಯವರು ಟ್ರ್ಯಾಕ್ಟರ್ ಇದ್ದ ಮನೆಗೆ ಹೋಗಲಿಲ್ಲ, ಹೆಸರಿದ್ದ ಮನೆಗಳಿಗೆ ಬಂದರು. ಕಂತು ಕೊಡುವ ತನಕ ಬಾಗಿಲಲ್ಲೇ ಕೂತು ಬಾಯಿಗೆ ಬಂದದ್ದು ಬೈದರು. ಹೆಸರು ಕೊಟ್ಟದ್ದಕ್ಕೆ ಗಂಡಂದಿರೂ ಬೈದರು. ಸಂಗೀತಳ ಗಂಡ ಶಿವಮಲ್ಲು ಮಾತ್ರ ಬೈಯಲಿಲ್ಲ. “ಮುಯ್ಯಿ ಅಂದ್ಮೇಲ ಎಲ್ಲಿಗೋದದು, ಬತ್ತದ ಬುಡು,” ಎಂದ. ಅವನು ಎಲೆಕೋಸಿನ ಲಾರಿಗೆ ಲೋಡ್ ಮಾಡುವವನು. ಒಂದು ಬೆಳಗಿನ ಜಾವ ದಿಂಬಂ ಘಾಟಿನಲ್ಲಿ ಲಾರಿ ಮಗುಚಿತು. ಅವನನ್ನು ಮೂಟೆಗಳ ಅಡಿಯಿಂದ ತೆಗೆದರು.

ಆಗಲೂ ಪುಟ್ಟನಂಜಮ್ಮ ಬಂದಿದ್ದಳು. ಅದೇ ಕೊಳಾಯಿಯ ಹತ್ತಿರ ನಿಂತು, ಸೆರಗಿನಿಂದ ಕಣ್ಣೊರೆಸಿಕೊಂಡು, ಮೆಲ್ಲಗೆ ಕೇಳಿದಳು: “ಗಂಡ ಸತ್ರ ಕುಳು ಸಾಲ ವಜಾ ಮಾಡ್ತಾರಂತಲ್ಲವ್ವ, ಇಚಾರಿಸ್ದ್ಯಾ?”

ಆ ದಿನಗಳಲ್ಲಿ ಸಂಗೀತಳಿಗೆ ಏನೂ ತಟ್ಟುತ್ತಿರಲಿಲ್ಲ. ಮುಂದೊಂದು ದಿನ ಕಂಪನಿಯವರು ಬರುವುದು ನಿಂತಿತು. ರಾಚಮ್ಮ ಕಾರಣ ಕೇಳಿದಳು. ಸಂಗೀತ ಫೋನಿನಲ್ಲಿ ಹುಡುಕಿ, ‘ರೈಟ್ ಆಫ್’ ಆಗಿದೆ ಎಂದಳು. ರಾಚಮ್ಮ ಅದನ್ನು ತಳ್ಳುಪಡಿ ಎಂದುಕೊಂಡಳು. ಸಾಲ ಮನ್ನಾಕ್ಕೆ ತಮಿಳಿನ ಮಾತು ಅದು. ಚುನಾವಣೆಗೊಮ್ಮೆ ಕೇಳಿ ಕೇಳಿ ಊರಿಗೆಲ್ಲ ಬಾಯಿಪಾಠ. ಸಂಗೀತ ತಿದ್ದಲಿಲ್ಲ. ಕೇರಿ ಪಾಯಸ ಮಾಡಿತು. ಇವಳೂ ಕುಡಿದಳು. ಬ್ಯಾಂಕು ತನ್ನ ಲೆಕ್ಕದಿಂದ ಸಾಲವನ್ನು ತೆಗೆದಿಟ್ಟರೆ ಸಾಲಗಾರನ ತಲೆಯ ಮೇಲಿಂದ ಅದು ಇಳಿಯುವುದಿಲ್ಲ ಎಂದು ಇದೇ ಸಂಗೀತ ಪರೀಕ್ಷೆಯಲ್ಲಿ ಎರಡು ಪುಟ ಬರೆದಿದ್ದಳು. ಹತ್ತಕ್ಕೆ ಒಂಬತ್ತು ಕೊಟ್ಟಿದ್ದರು.

*

ತಾಳವಾಡಿಯಿಂದ ಬಂದ ಮಾರನೆಯ ಬೆಳಗ್ಗೆ ಅವಳು ಪುಟ್ಟನಂಜಮ್ಮನ ಹೊಲದಲ್ಲೇ ಇದ್ದಳು. ಬೇರೆ ಎಲ್ಲಿಗೆ ಹೋಗುತ್ತಾಳೆ? ಕೋಸು ಬಲಿತು ನಿಂತಿತ್ತು. ಕಾಡಿನ ಕಡೆಯಿಂದ ಬಂದ ಚಳಿ ಎಲೆಯ ಮೇಲೆ ನೀರಾಗಿ ಕೂತಿತ್ತು. ಬಗ್ಗು, ಎಡಗೈಯಲ್ಲಿ ಗಡ್ಡೆ ಹಿಡಿ, ಕತ್ತಿ ಹಾಕು, ಹಿಂದಕ್ಕೆ ಎಸೆ. ಬಗ್ಗು. ಸೀರೆ ಮೊಣಕಾಲಿನವರೆಗೆ ನೆನೆದು ಕಾಲಿಗೆ ಅಂಟಿತು. ಬೆರಳ ಸಂದಿಯಲ್ಲಿ ಔಷಧದ ಉರಿ. ಸೊಂಟ ಮಧ್ಯಾಹ್ನಕ್ಕೆ ಮುಂಚೆ ಸತ್ತುಹೋಗುತ್ತದೆ. ಆಮೇಲೆ ಸುಖವೇ, ನೋವು ಗೊತ್ತಾಗುವುದಿಲ್ಲ. ಗಂಡ ಹೋದ ಈ ಮೂರು ವರ್ಷದಿಂದ ತನ್ನ ಉಳಿದ ಅಂಗಗಳಿಗೂ ಹಾಗೇ ಆಗಿದೆಯೆಂದು ಅವಳಿಗೆ ಗೊತ್ತಿತ್ತು.

ಪುಟ್ಟನಂಜಮ್ಮ ಬದುವಿನ ಮೇಲೆ ಸ್ವೆಟರ್ ಹಾಕಿಕೊಂಡು ನಿಂತಿದ್ದಳು. ಸಂಗೀತ ಕತ್ತಿ ಹಿಡಿದೇ ಹತ್ತಿರ ಹೋದಳು. ಕತ್ತಿ ಕೈಯಲ್ಲಿದೆಯೆಂಬುದು ನೆನಪಾಗಿ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

“ಅಮ್ಮಾರೆ, ಆ ಕುಳು ಸಾಲ ಕಟ್ಬುಡಿ. ನಂಗ ಬಂದಿದ್ ಕೆಲ್ಸ ಅದ್ರಿಂದ ಒಂಟೋಗ್ತಾ ಅದ.”

“ಯಾವ ಸಾಲ್ವವ್ವ? ತಳ್ಳುಪಡಿ ಆಯ್ತು ಅಂತ ನೀವೇ ಅಲ್ವ ಪಾಯ್ಸ ಕಾಸ್ಕಂಡು ಕುಡ್ದಿದ್ದು?”

“ಆಗಿಲ್ಲ ಅಮ್ಮಾರೆ. ನನ್ನೆಸ್ರಲ್ಲಿ ಅಂಗೇ ಕುಂತದ. ಎಲ್ರದೂ ಅಂಗೇಯ. ರಾಚಮ್ಮಕ್ಕ ಅಸು ಸಾಲಕ್ಕ ಓದಾಗ ಇಲ್ಲ ಅಂದಿದ್ದೂ ಇದ್ಕೇಯ.”

“ಅಯ್ಯೋ, ಕಾಣ್ದೇ ಇರೋ ಸಾಲ್ಕೆಲ್ಲ ಯಾಕವ್ವ ತಲ ಕೆಡುಸ್ಕತ್ತಿಯ? ಎಸ್ರೇನು ಸವದೋಯ್ತಾ? ನೋಡದ, ಈ ಸಲ ಕೋಸ್ಗ ರೇಟು ಬರ್ಲಿ.”

ಕೋಸಿಗೆ ರೇಟು ಬಂದ ವರ್ಷ ಮನೆಗೆ ಮಹಡಿ ಬಂದಿತ್ತು. ಅಷ್ಟರಲ್ಲಿ ಚಂದ್ರು ಬೈಕಿನಲ್ಲಿ ಬಂದ. ತಾಳವಾಡಿಯ ಹೈಸ್ಕೂಲಿನಲ್ಲಿ ಇವಳ ಜೊತೆಯವನು. ಲೆಕ್ಕದ ಪರೀಕ್ಷೆಯಲ್ಲಿ ಇವಳ ಹಿಂದೆಯೇ ಕೂತು, ನೋಡಿ ಬರೆದೂ ಫೇಲಾದವನು. ಕೆಟ್ಟವನಲ್ಲ.

“ಸಂಗೀತಾ, ಆ ಮುರುಗೇಶ ಫೋನ್ ಮಾಡಿದ್ದ ಕಣ. ಕೌಂಟ್ರು ನಂಗ ಆಯ್ತದಂತ. ನಂಗ ಆ ಕಂಪ್ಯೂಟ್ರ್ ಎಲ್ಲ ಎಲ್ಲಿ ಬತ್ತದ? ನೀನೇ ಬಂದು ಕುಂತ್ಕ. ಲೈಸೆನ್ಸು ನಂದು, ಕೆಲ್ಸ ನಿಂದು. ತಿಂಗ್ಳಿಗ ಐದ್ ಸಾವ್ರ ಕೊಡ್ತಿನಿ.”

ಆಗ ಅವಳ ಹೆಸರು, ಅವರ ಟ್ರ್ಯಾಕ್ಟರ್. ಈಗ ಅವರ ಹೆಸರು, ಅವಳ ಕೆಲಸ. ಹೇಗೆ ತಿರುಗಿಸಿದರೂ ಕೆಳಗೆ ಬೀಳುವವಳು ತಾನೇ. ಇಷ್ಟು ಅರ್ಥವಾಗುವಷ್ಟರಲ್ಲಿ ಅವಳ ಬಾಯಿ ಆಗಲೇ ಹೇಳಿಬಿಟ್ಟಿತ್ತು: “ಥ್ಯಾಂಕ್ಸ್ ಕಣಣ್ಣ.”

ಹೊಲದಿಂದ ಹೊರಡುವಾಗ ಪುಟ್ಟನಂಜಮ್ಮ ಎರಡು ಕೋಸು ಕಾಲಿನಲ್ಲಿ ಮುಂದಕ್ಕೆ ಸರಿಸಿ, “ತಕ್ಕೊ, ಮನಗ ಸಾರ್ ಮಾಡ್ಕ,” ಎಂದಳು. ಬೆಳಗ್ಗೆ ಸಂಗೀತಳೇ ಕತ್ತರಿಸಿದ್ದು. ಅವಳು ಬಗ್ಗಿ ಎತ್ತಿಕೊಂಡಳು. ಬಗ್ಗುವುದು ಅಷ್ಟು ಅಭ್ಯಾಸವಾಗಿತ್ತು.

ಮನೆಯಲ್ಲಿ ಚಿಕ್ಕತಾಯಮ್ಮ ಎಲ್ಲ ಕೇಳಿ, ಕೋಸನ್ನು ತಿರುಗಿಸಿ ತಿರುಗಿಸಿ ನೋಡಿ, ಹುಳ ಬಿದ್ದದ್ದನ್ನು ಪತ್ತೆ ಮಾಡಿದಳು. ಆಮೇಲೆ ಹೇಳಿದಳು: “ಓಗು ಕಣವ್ವ. ಯಾರ್ ಎಸ್ರಾದ್ರ ಏನು, ಕುರ್ಚಿ ಮ್ಯಾಲ ಕೂರೋ ಕುಂಡಿ ನಿಂದು ತಾನ? ನನ್ ಸೊಂಟ ಅಂತೂ ಓಯ್ತು. ನಿಂದಾರ ಉಳ್ಕಳಿ.”

*

ಮೇಲ್ಬೀದಿಯಲ್ಲಿ ದೊಡ್ಡಯ್ಯನ ಅಂಗಡಿ ಕೋಣೆಯಲ್ಲಿ ಕೌಂಟರ್ ಶುರುವಾಯಿತು. ಹೊರಗೆ ಚಂದ್ರುವಿನ ನಗುಮುಖದ ಬ್ಯಾನರ್. ಒಳಗೆ ಸಂಗೀತ. ಯಂತ್ರ ತೆರೆಯುವುದಕ್ಕೆ ಚಂದ್ರುವಿನ ಹೆಬ್ಬೆಟ್ಟೇ ಬೇಕು. ದಿನಾ ಬೆಳಗ್ಗೆ ಅವನು ಹಲ್ಲುಜ್ಜುತ್ತ ಬಂದು, ಬೆರಳು ಒರೆಸಿ ಒತ್ತಿ, ಉಜ್ಜುತ್ತಲೇ ಹೋಗುತ್ತಿದ್ದ. ಅಲ್ಲಿಗೆ ಅವನ ದುಡಿಮೆ ಮುಗಿಯಿತು.

ಕುರ್ಚಿ ಮೊದಲ ವಾರ ಸುಖ ಕೊಟ್ಟಿತು. ಕೇರಿಯ ಹೆಂಗಸರು ಬಾಗಿಲ ಹೊರಗೆ ಸಾಲು ನಿಂತು ಕೈ ಮಾತ್ರ ಒಳಗೆ ಚಾಚುತ್ತಿದ್ದರು. ಅವರ ಹೆಬ್ಬೆಟ್ಟುಗಳನ್ನು ಯಂತ್ರ ಒಪ್ಪುತ್ತಿರಲಿಲ್ಲ. ಕೋಸು, ಅರಿಸಿನ, ಗುದ್ದಲಿ ಎಲ್ಲ ಸೇರಿ ಗೆರೆಗಳನ್ನು ತಿಂದುಹಾಕಿದ್ದವು. ಸಂಗೀತ ಒಬ್ಬೊಬ್ಬರ ಬೆರಳನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ, ಹಿಡಿದು, ಒತ್ತಿ, ಮತ್ತೆ ಒತ್ತಿ, ಹಣ ಕೊಡುತ್ತಿದ್ದಳು.

“ಸಾಲ ತಕ್ಕಳಾಗ ಒಂದೇ ಸಲಕ್ಕ ಒಪ್ಕತ್ತು ಕಣವ್ವ ಈ ಬೆರ್ಳ,” ಎಂದು ರಾಚಮ್ಮ ನಗುತ್ತಿದ್ದಳು. “ಕೂಲಿ ಕೊಡಾಗ ಮಾತ್ರ ಯಾರು ನೀನು ಅಂತ ಕೇಳ್ತದ.”

ಊರಿನವರು ಚಂದ್ರು ಒಳ್ಳೇ ಕೆಲಸ ಮಾಡುತ್ತಾನೆ ಎಂದರು. ತಿಂಗಳು ತುಂಬಿತು. ಕಮಿಷನ್ ಚಂದ್ರುವಿನ ಖಾತೆಗೆ ಬಿತ್ತು. ಐದು ಸಾವಿರ ಕೇಳಿದಾಗ ಅವನು ತಲೆ ಕೆರೆದುಕೊಂಡ. “ಅವ್ವ ತಕ್ಕಂಡ್ಲು ಕಣ. ಮುಂದಿನ್ ವಾರ.” ಆ ಮುಂದಿನ ವಾರವೂ ಮುಂದೆ ಹೋಯಿತು.

ಹಾಗಿರುವಾಗ ಒಂದು ಮಧ್ಯಾಹ್ನ ಪುಟ್ಟನಂಜಮ್ಮ ಒಂದು ಪ್ಲಾಸ್ಟಿಕ್ ಚೀಲ ಹಿಡಿದು ಕೌಂಟರಿನ ಒಳಗೆ ಬಂದಳು. ಚೀಲದಲ್ಲಿ ಖಾಲಿ ಅರ್ಜಿಗಳು. ಬಾಗಿಲಲ್ಲಿ ಕೇರಿಯ ಹೆಂಗಸರು ಕೂಲಿಗೆ ನಿಂತಿದ್ದರು.

“ಒಸ ಕಂಪ್ನಿ ಕಣವ್ವ. ತಲಗ ಅರ್ವತ್ ಸಾವ್ರ ಕೊಡ್ತಾರಂತ. ಅಳೇ ಎಸ್ರು ಆಗಲ್ವಂತ, ಎಲ್ಲ ಕೆಟ್ಟವಂತ. ಒಸ ಎಸ್ರು ಬೇಕು. ಕೇರೀಲಿ ಈಗ ಮದ್ವ ಆಗಿ ಬಂದವ್ರಲ್ಲ ಎಣ್ಮಕ್ಳು, ಅವ್ರವು ಚೊಕ್ಕವಾಗಿರ್ತವ. ನೀ ಯೋಳುದ್ರ ಕೇಳ್ತಾರ. ಓದ್ದೋಳು ನೀನು.”

ಸಾಲಿನ ಮುಂದಿದ್ದವಳು ಪರಿಮಳ, ರಾಚಮ್ಮನ ಕಿರಿಸೊಸೆ. ತಾಳಮಲೆಯಿಂದ ಆ ವರ್ಷ ತಾನೇ ಮದುವೆಯಾಗಿ ಬಂದವಳು. ಕೂಲಿಗೆಂದು ಆಗಲೇ ಕೈ ಚಾಚಿದ್ದಳು.

“ಇವ್ಳೇ ಆಗ್ಲಿ ಮೊದ್ಲು,” ಎಂದಳು ಪುಟ್ಟನಂಜಮ್ಮ. “ಎಂಗೂ ಬೆರ್ಳು ಚಾಚವ್ಳ, ಇದ್ಕೂ ಈ ಮಿಷಿನ್ನಲ್ಲೇ ಒಂದ್ ಒತ್ಸು. ಮುಯ್ಯಿ ಅಂದ್ಕ ಮಗ.”

ಪರಿಮಳ ಸಂಗೀತಳ ಮುಖ ನೋಡಿದಳು. ಅಕ್ಕ ಹೇಳಿದರೆ ಒತ್ತುತ್ತಾಳೆ. ಅವಳ ಕಣ್ಣಿನಲ್ಲಿ ಸಣ್ಣದೊಂದು ಹೊಳಪಿತ್ತು. ಮೇಲ್ಬೀದಿಯವರು ತನ್ನನ್ನು ಮಗ ಎಂದರಲ್ಲ ಎಂಬ ಹೊಳಪು. ಆ ಹೊಳಪು ಸಂಗೀತಳಿಗೆ ಚೆನ್ನಾಗಿ ಪರಿಚಯವಿತ್ತು. ಅದಕ್ಕೆ ಸ್ಟೀಲ್ ತಟ್ಟೆ ಸಿಕ್ಕಿತ್ತು.

ಅವಳು ಯಂತ್ರದ ಗಾಜಿನ ಮೇಲೆ ತನ್ನ ಅಂಗೈ ಇಟ್ಟಳು. ಪೂರಾ ಮುಚ್ಚಿದಳು. ಬೆರಳು ಸರಿಯಾಗಿ ಇಡಿ ಎಂದು ಪರದೆ ಇಂಗ್ಲಿಷಿನಲ್ಲಿ ಬೇಡಿಕೊಂಡಿತು.

“ಕೊಡಲ್ಲ ಅಮ್ಮಾರೆ.”

“ಏನು?”

“ಎಸ್ರು. ಕೊಡಲ್ಲ.”

“ನಿಂದ ಯಾರವ್ವ ಕೇಳುದ್ರು? ನಿಂದು ಆಗಲ್ಲ. ಅವ್ಳ್ದು ಕೇಳ್ತಿರದು.”

“ನಿಮ್ದೇ ಕೊಡಿ. ನಿಮ್ಮನೇಲಿ ನಾಕು ಎಸ್ರಿವ. ಒಂದೂ ಕೆಟ್ಟಿಲ್ಲ.”

ಪುಟ್ಟನಂಜಮ್ಮನಿಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಮನುಷ್ಯರು ನಿಜ ಹೇಳುತ್ತಾರೆ. “ನಮ್ಮೆಸ್ರ ಇಂಥದ್ಕೆಲ್ಲ ಆಕಕ್ಕಾದದಾ? ನಾಳಕ್ಕ ಚಂದ್ರುಗ ಬ್ಯಾಂಕಲ್ಲಿ ದೊಡ್ಡ ಲೋನು ಬೇಕಾದ್ರ ಯಾರು ಕೊಟ್ಟಾರು?”

ಹೊರಗೆ ನಿಂತವರೆಲ್ಲ ಕೇಳಿಸಿಕೊಂಡಿದ್ದರು. ಗೊತ್ತಿತ್ತು. ಈ ಹೆಂಗಸಿಗೆ ಎಲ್ಲ ಗೊತ್ತಿತ್ತು. ಕಟ್ಟದ ಸಾಲ ಹೆಸರಿಗೆ ಏನು ಮಾಡುತ್ತದೆಂದು ಮೊದಲ ದಿನ, ಕೊಳಾಯಿಯ ಹತ್ತಿರ, ಬೆಣ್ಣೆಯಂಥ ಮಾತಾಡುವಾಗಲೇ ಗೊತ್ತಿತ್ತು. ಗೊತ್ತಿಲ್ಲದಿದ್ದವಳು ಎಂ.ಕಾಂ.

“ಎದ್ದೇಳು,” ಎಂದಳು ಪುಟ್ಟನಂಜಮ್ಮ. “ನಮ್ಮ ಕುರ್ಚಿ ಅದು. ಕೇರಿಯೋಳ್ನ ತಂದು ಕೂರ್ಸ್ದೆ ನೋಡು, ನಂಗ ಬುದ್ದಿ ಇಲ್ಲ.”

ಸಂಗೀತ ಎದ್ದಳು. ಏನಾದರೂ ದೊಡ್ಡ ಮಾತು ಹೇಳಬೇಕೆನ್ನಿಸಿತು. ಭಾಷಣ ಗೆದ್ದವಳಲ್ಲವೇ. ಬಾಯಿಗೆ ಬಂದದ್ದು ಇಷ್ಟೇ: “ನನ್ ಸಂಬ್ಳ ಕೊಡಿ.”

“ಮನಗ ಬಂದು ಈಸ್ಕ,” ಎಂದು ಪುಟ್ಟನಂಜಮ್ಮ ಹೊರಟಳು. ಮನೆಗೆ ಬರುವುದಿಲ್ಲವೆಂಬ ನಂಬಿಕೆಯಲ್ಲಿ ಹೇಳಿದ ಮಾತು.

ಸಂಗೀತ ಅವಳ ಹಿಂದೆಯೇ ಹೊರಟಳು. ರಾಚಮ್ಮ ಸಂಗೀತಳ ಹಿಂದೆ. ಪರಿಮಳ ರಾಚಮ್ಮನ ಹಿಂದೆ. ಕೂಲಿಗೆ ನಿಂತಿದ್ದ ಸಾಲು ಬಾಗಿಲಿನಿಂದ ಕಳಚಿಕೊಂಡು ಬೀದಿಯಲ್ಲಿ ಹಾಗೇ ಸಾಲಾಗಿ ನಡೆಯಿತು.

*

ದೊಡ್ಡಯ್ಯನ ಮನೆಯ ಮುಂದೆ ನುಣ್ಣನೆ ಕಪ್ಪು ಕಲ್ಲು ಹಾಸಿದ ಜಗಲಿ ಇದೆ. ಕೇರಿಯವರು ಬಂದರೆ ಅದರಿಂದ ಮಾರು ದೂರ, ಬಿಸಿಲಲ್ಲಿ ನಿಲ್ಲುತ್ತಾರೆ. ಬರೆದ ನಿಯಮವಲ್ಲ. ಕಾಲಿಗೆ ಗೊತ್ತಿರುವ ನಿಯಮ.

ಪುಟ್ಟನಂಜಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸಂಗೀತ ಅಂಗಳದಲ್ಲಿ ನಿಂತಳು. ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ. ಕಣ್ಣು ಕತ್ತಲಿಟ್ಟಿತು. ಬೀಳುತ್ತೇನೆ ಎನ್ನಿಸಿ, ಹತ್ತಿರ ಏನು ಸಿಕ್ಕಿತೋ ಅದರ ಮೇಲೆ ಕೂತುಬಿಟ್ಟಳು. ಅದು ಜಗಲಿ. ಧೈರ್ಯಕ್ಕೆ ಕೂತದ್ದಲ್ಲ, ಮೊಣಕಾಲು ಕೈಕೊಟ್ಟು ಕೂತದ್ದು. ಆದರೆ ರಾಚಮ್ಮನಿಗೆ ಅದು ತಿಳಿಯಲಿಲ್ಲ. ಓದಿದವಳು ಏನೋ ಯೋಚನೆ ಮಾಡಿಯೇ ಕೂತಿದ್ದಾಳೆ ಎಂದು ಅವಳೂ ಬಂದು ಪಕ್ಕದಲ್ಲಿ ಕೂತಳು. ಅವಳನ್ನು ನೋಡಿ ಪರಿಮಳ. ಆಮೇಲೆ ಉಳಿದವರು. ಸಂಗೀತ ತಪ್ಪನ್ನು ತಿದ್ದಲಿಲ್ಲ. ಅವಳು ತಿದ್ದದೆ ಬಿಟ್ಟದ್ದರಿಂದ ಒಳ್ಳೆಯದಾದದ್ದು ಇದೇ ಮೊದಲು.

ದೊಡ್ಡಯ್ಯ ಹೊರಗೆ ಬಂದ. ಬಾಗಿಲಲ್ಲೇ ನಿಂತ.

“ಏಯ್, ಎಲ್ರಮ್ಮ ಕುಂತಿರದು? ಮೇಲಕ್ಕೇಳಿ.”

ಯಾರೂ ಏಳಲಿಲ್ಲ. ಅವರಿಗೇ ಆಶ್ಚರ್ಯವಾಯಿತು. ಒಬ್ಬರು ಎದ್ದಿದ್ದರೆ ಎಲ್ಲರೂ ಏಳುತ್ತಿದ್ದರು. ಒಬ್ಬೊಬ್ಬರೂ ಇನ್ನೊಬ್ಬರು ಏಳಲಿ ಎಂದು ಕಾದರು.

“ಸಾಲ ವಸೂಲಿಗ ಬಂದಿವಿ ಬುದ್ದಿ,” ಎಂದಳು ಸಂಗೀತ. ದನಿ ಕೀರಲಾಗಿ ಬಂತು.

ಪುಟ್ಟನಂಜಮ್ಮ ಒಳಗಿನಿಂದ ನೋಟು ತಂದು, ಕೈಗೆ ಕೊಡದೆ, ಕಲ್ಲಿನ ಮೇಲೆ ಇಟ್ಟಳು. ಸಂಗೀತ ತೆಗೆದುಕೊಂಡು ಸೆರಗಿಗೆ ಕಟ್ಟಿಕೊಂಡಳು. ಕೂತೇ ಇದ್ದಳು.

“ಕೊಟ್ಟಾಯ್ತಲ್ಲ, ಇನ್ನೇನು?”

“ಇದು ಕೂಲಿ. ಮುಯ್ಯಿ ಬಾಕಿ ಅದ. ಕಂಪ್ನಿಗ ಬನ್ನಿ. ಅತ್ತು ಸಾಲಾನೂ ಕಟ್ಟಿ. ದುಡ್ ತಿಂದೋಳು ನಾನು ಅಂತ ಅವ್ರ ಮುಂದ ನಿಮ್ಮೆಸ್ರ ಯೋಳಿ.”

“ಯೋಳ್ದೆ ಇದ್ರ?”

ಸಂಗೀತ ಅಷ್ಟು ದೂರ ಯೋಚಿಸಿರಲಿಲ್ಲ. ಅವಳ ಬದಲಿಗೆ ರಾಚಮ್ಮ ಹೇಳಿದಳು. “ಇಲ್ಲೇ ಇರ್ತಿವಿ. ಕಂಪ್ನಿಯೋರು ನಮ್ಗ ಅಂಗೇ ತಾನೇ ಕಲ್ಸಿದ್ದು.”

“ನಾಳಿಂದ ಒಬ್ರೂ ನನ್ ಒಲಕ್ಕ ಬರಂಗಿಲ್ಲ!” ಎಂದು ದೊಡ್ಡಯ್ಯ ಕೂಗಿದ. “ಬೇರೆ ಕಡೆಯಿಂದ ಟೆಂಪೋಲಿ ಆಳು ತರುಸ್ತಿನಿ.”

“ತರುಸಿ ಬುದ್ದಿ. ಕೆಳಗಿನ ಒಲದ್ ಕೋಸು ಬಿರಿಯಕ್ಕ ಮುಂಚ ತರುಸಿ,” ಎಂದಳು ರಾಚಮ್ಮ.

ಅವನು ತರಿಸುತ್ತಾನೆ, ಅದು ಎಲ್ಲರಿಗೂ ಗೊತ್ತಿತ್ತು. ಆಮೇಲೆ ಕೇರಿ ಏನು ತಿನ್ನುತ್ತದೆ ಎಂಬುದು ಗೊತ್ತಿರಲಿಲ್ಲ. ಸಂಗೀತಳ ಅಂಕ ನಾನೂರ ಎಪ್ಪತ್ತೊಂದರಲ್ಲೇ ಇತ್ತು. ಇವತ್ತಿನ ಈ ಕೂತದ್ದಕ್ಕೆ ಒಂದು ಅಂಕವೂ ಏರುವುದಿಲ್ಲ. ದೊಡ್ಡಯ್ಯ ಫೋನ್ ಹಿಡಿದು ಯಾರಿಗೋ ಮಾಡುತ್ತಿದ್ದ. ಮೇಲ್ಬೀದಿಯ ಬಾಗಿಲುಗಳಲ್ಲಿ ಜನ ಬಂದು ನಿಂತರು.

ರಾಚಮ್ಮ ಕಾಲು ಚಾಚಿ, ಅಂಗೈಯಿಂದ ಕಲ್ಲನ್ನು ಸವರಿದಳು. “ಈ ಕಲ್ಲ ಲಾರಿಯಿಂದ ಒತ್ತು ಇಳ್ಸಿದ್ದು ನಮ್ ಯಜಮಾನ ಕಣ,” ಎಂದಳು ಪರಿಮಳಳಿಗೆ. “ಇಷ್ಟು ತಣ್ಣಗದ ಅಂತ ಯೋಳೇ ಇಲ್ಲ ಮೂದೇವಿ. ಅವ್ನೂ ಕುಂತಿರ್ನಿಲ್ಲವಲ್ಲ.”

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಚಿಕ್ಕತಾಯಮ್ಮ ಕಾಣಿಸಿದಳು. ಕೋಲೂರಿಕೊಂಡು, ಸೊಂಟ ಎರಡು ಮಡಿಕೆಯಾಗಿ, ದೂರದಿಂದಲೇ ಬೈದುಕೊಂಡು ಬರುತ್ತಿದ್ದಳು. “ಕುರ್ಚಿ ಬುಟ್ಟು ಬಂದ್ಲಂತ! ಎಂಥಾ ಕುರ್ಚಿ! ಇವಳ ಓದ್ಗಿಷ್ಟು ಬೆಂಕಿ ಆಕ! ಎಲ್ಲವ್ಳ ಅವ್ಳು?” ಅಂಗಳಕ್ಕೆ ಬಂದು ನಿಂತಳು. ಏದುಸಿರು ಬಿಟ್ಟಳು. ಕೂತವರನ್ನು ಒಬ್ಬೊಬ್ಬರಾಗಿ ನೋಡಿದಳು. ಜಗಲಿಯನ್ನು ನೋಡಿದಳು. ಬಾಗಿಲಲ್ಲಿ ನಿಂತಿದ್ದ ಪುಟ್ಟನಂಜಮ್ಮನನ್ನು ನೋಡಿದಳು.

ಸಂಗೀತ ಏಳಲು ಹೋದಳು. ಅತ್ತೆಯೆದುರು ಕೂತು ಅಭ್ಯಾಸವಿರಲಿಲ್ಲ.

ಚಿಕ್ಕತಾಯಮ್ಮ ಕೋಲಿನಿಂದ ಅವಳ ಮೊಣಕಾಲು ತಟ್ಟಿದಳು.

“ಎಲ್ಗ ಎದ್ದಿಯಾ? ಒಸಿ ಅತ್ಲಾಗಿ ಸರ್ಕ. ನಂಗ ಜಾಗ ಬುಡು.”